ಅರ್ಥಿಂಗ್ ಗುಂಡಿ

ನವೆಂಬರ್ ೩, ಸೋಮವಾರ. ಬೆಳಿಗ್ಗೆ ೭.೩೦

ಗಾಡಿ ಇವತ್ತೂ ಮೂರನೇ ಸಲಕ್ಕೆ ಚಾಲೂ ಆಯಿತು. ಎರಡು ಸಲ ಕೆಮ್ಮಿತು, ಮೂರನೇ ಸಲ ಎದ್ದಿತು. ರಜನಿ ಬಾಲ್ಕನಿಯಿಂದಲೇ ಕೂಗಿದಳು— "ನಿಮ್ಮ ಜೋಡಿ ಅದಕೂ ಒಂದು ಬಿ.ಪಿ. ಗುಳಗಿ ಕೊಡ್ರಿ!" ಇಡೀ ಅಪಾರ್ಟ್‌ಮೆಂಟಿಗೆ ಕೇಳಿಸಿರಬೇಕು. ಹೆಂಡತಿ ಅಂದಮೇಲೆ ಇಷ್ಟೆಲ್ಲ ಇದ್ದದ್ದೇ.

ಮಾರ್ಚಿಗೆ ಕಾರಿಗೆ ಹದಿನೈದು ವರ್ಷ ತುಂಬುತ್ತದೆ. ಆರ್.ಸಿ. ಮತ್ತೆ ಮಾಡಿಸಬೇಕು, ಇಲ್ಲ ಮಾರಬೇಕು. ಮಗಳು ಚಿನ್ಮಯೀ ಧಾರವಾಡದಿಂದ ಫೋನ್ ಮಾಡಿದಾಗೆಲ್ಲ ಒಂದೇ ಹಟ— ಪೆಟ್ರೋಲ್ ಸಾಕು, ಎಲೆಕ್ಟ್ರಿಕ್ ತಗೋರಿ.

ಹಾಳೆಯ ನಡುವೆ ಗೆರೆ ಎಳೆದು ಕೂತೆ. ಈ ಕಡೆ ಪೆಟ್ರೋಲ್, ಆ ಕಡೆ ಎಲೆಕ್ಟ್ರಿಕ್. ಮೂವತ್ತು ವರ್ಷ ಕಾಲೇಜಿನ ಆಫೀಸಿನಲ್ಲಿ ಸುಪರಿಂಟೆಂಡೆಂಟ್ ಆಗಿ ಕಳೆದವನು, ಬರೆಯದೆ ವಿಚಾರವೇ ಹೊಳೆಯುವುದಿಲ್ಲ. ಎಲೆಕ್ಟ್ರಿಕ್ ಕಡೆ ಏಳು ಕಾರಣ. ಪೆಟ್ರೋಲ್ ಕಡೆ ಒಂದೇ— ರೂಢಿ.

ಇನ್ನೊಂದು ಇದೆ. ಬರೆಯಲಿಲ್ಲ.

ನವೆಂಬರ್ ೬, ಗುರುವಾರ

ಗೋಕುಲ ರೋಡಿನಲ್ಲಿ ಟೆಸ್ಟ್ ಡ್ರೈವ್. ಸಪ್ಪಳವೇ ಇಲ್ಲ. ಚಾಲೂ ಆಗಿಲ್ಲವೆಂದು ಮತ್ತೆ ಬಟನ್ ಒತ್ತಿ ಬಂದ್ ಮಾಡಿಬಿಟ್ಟೆ. ಶೋರೂಮಿನ ಹುಡುಗಿ ಸ್ನೇಹಲ್ ನಗು ತಡೆದುಕೊಂಡು, "ಸರ, ಚಾಲೂನ ಇತ್ರಿ," ಅಂದಳು. ಕ್ಲಚ್ಚಿಲ್ಲ. ಎಡಗಾಲು ಮಾತ್ರ ಕೊನೆಯತನಕ ಹುಡುಕುತ್ತಲೇ ಇತ್ತು.

ಗಾಡಿ ಚೆನ್ನಾಗಿದೆ. ಖರೇ ಹೇಳಬೇಕೆಂದರೆ ಮನಸ್ಸಿಗೆ ಬಂತು.

ನಾನು ಡ್ರೈವಿಂಗ್ ಕಲಿತದ್ದು ಐವತ್ತೊಂದನೇ ವಯಸ್ಸಿಗೆ. ಕಲಿಸಿದವರು ಯಾಕೂಬಸಾಬರು. ನಮ್ಮ ಎದುರು ಮನೆ, ೨೦೪ರಲ್ಲಿ ಬಾಡಿಗೆಗಿದ್ದರು. ರೇಲ್ವೆಯಲ್ಲಿ ಇಂಜಿನ್ ಡ್ರೈವರ್ ಆಗಿ ರಿಟೈರ್ ಆದವರು. ಪಕ್ಕದ ಸೀಟಿನಲ್ಲಿ ಕೂತು ಒದರುತ್ತಿದ್ದರು— "ಏಕನಾಥರಾಯರ, ಇದು ರೇಲ್ ಅಲ್ರಿ, ತಾನ ತಿರಗಂಗಿಲ್ಲ. ಸ್ಟೇರಿಂಗ್ ತಿರವ್ರಿ!" ಅಲ್ಲಿಂದ ಮುಂದೆ ಹನ್ನೆರಡು ವರ್ಷ, ದಿನಾ ಸಂಜೆ ಪಾರ್ಕಿಂಗಿನ ಕಟ್ಟೆ ಮೇಲೆ ಒಂದೇ ಪೇಪರ್ ಇಬ್ಬರೂ ಹಂಚಿಕೊಂಡು ಓದಿದೆವು, ಜಗಳಾಡಿದೆವು. ನಾನು ಅಪಾರ್ಟ್‌ಮೆಂಟ್ ಕಮಿಟಿಯ ನೋಟಿಸ್ ಬರೆದು ಹಚ್ಚಿದಾಗೆಲ್ಲ ಅದರ ಮುಂದೆ ನಿಂತು, "ಅಕ್ಷರ ಛಂದ ಆಗ್ಯಾವ. ಒಳಗ ಏನ ಬರದೀರಿ ದೇವರ ಬಲ್ಲ," ಅನ್ನುವರು. ಅಂಥ ಗೆಳೆಯ ನನಗೆ ಮತ್ತೊಬ್ಬ ಸಿಕ್ಕಿಲ್ಲ.

ಅವರು ಮನೆ ಬಿಟ್ಟು ಎರಡು ವರ್ಷ. ತಾರಿಹಾಳದಲ್ಲಿ, ಮಗ ಮುಜಾಫರನ ವರ್ಕ್‌ಶಾಪಿನ ಹತ್ತಿರ ಇದ್ದಾರೆ. ಅರ್ಧ ತಾಸಿನ ದಾರಿ. ಒಮ್ಮೆಯೂ ಹೋಗಿಲ್ಲ.

ನವೆಂಬರ್ ೯, ರವಿವಾರ

ಚಿನ್ಮಯೀ ಬಂದಿದ್ದಳು. ಊಟಕ್ಕೆ ಕೂತಾಗ ಕೇಳಿದಳು.

"ಚಾರ್ಜರ್ ಎಲ್ಲಿ ಹಾಕಸ್ತೀರಿ ಅಪ್ಪಾ?"

"ಎಲ್ಲಿ ಅಂದ್ರ? ಪಾರ್ಕಿಂಗನ್ಯಾಗ."

"ಪಾರ್ಕಿಂಗನ್ಯಾಗ ಬ್ಯಾಡಂತ ನೀವ ಠರಾವು ಮಾಡಿದ್ರೆಲ್ಲ? ಮುಜಾಫರ ಅಣ್ಣ ಕೇಳಿದಾಗ?"

"ಅವಾಗಿನ ಮಾತು ಬ್ಯಾರೆ."

"ಏನ ಬ್ಯಾರೆ?"

ರಜನಿ ನನ್ನ ಮುಖ ನೋಡಿದಳು. ಬದನೆಕಾಯಿ ಪಲ್ಯ ಮತ್ತೆ ಹಾಕಿಸಿಕೊಂಡೆ. ಹಸಿವೆ ಇರಲಿಲ್ಲ.

ನವೆಂಬರ್ ೧೨, ಬುಧವಾರ

ಕಮಿಟಿ ಸಭೆ. ಸೆಕ್ರೆಟರಿ ನಾನೇ, ಅರ್ಜಿದಾರನೂ ನಾನೇ. ನನ್ನ ಅರ್ಜಿ ನಾನೇ ಎದ್ದು ಓದಿದೆ. ಐದು ನಿಮಿಷ ಹಿಡಿಯಲಿಲ್ಲ. ಕೂತವರು ಮುಜಾಫರನ ಅರ್ಜಿಗೆ ಕೂತಿದ್ದ ಅದೇ ಮಂದಿ. ಚಾರ್ಜರ್ ಅಂದರೆ ಬೆಂಕಿ ಎಂದು ಅವತ್ತು ಟೇಬಲ್ ಗುದ್ದಿದ ಅಧ್ಯಕ್ಷರು ಇವತ್ತು ಚುರುಮುರಿ ಮುಕ್ಕುತ್ತ, "ಹಾಕಸ್ಕೋರಿ, ಹಾಕಸ್ಕೋರಿ. ನಾಳೆ ನಾವೂ ತಗೋಬೇಕಲ್ಲ," ಅಂದರು.

ಹಳೆಯ ಠರಾವು ಏನು ಮಾಡುವುದು ಎಂದು ಕೇಳಿದೆ.

"ಅವಾಗ ಟೆಕ್ನಾಲಜಿ ಹೊಸಾದಿತ್ತು ಅಂತ ಬರೀರಿ. ನಿಮಗ ಹೇಳಿಕೊಡಬೇಕೇನ್ರಿ?"

ಹೇಳಿಕೊಡುವುದು ಬೇಕಾಗಲಿಲ್ಲ. ಬರೆದೆ. ಒಂದು ಅಕ್ಷರ ಸೊಟ್ಟಗಾಗಲಿಲ್ಲ.

ನವೆಂಬರ್ ೧೩. ಬೆಳಗಿನ ೫

ಯಾರೂ ಓದದ ಪುಸ್ತಕ ಇದು. ಇಲ್ಲಾದರೂ ಖರೇ ಬರೆಯುತ್ತೇನೆ.

೨೦೨೩ರ ಅಕ್ಟೋಬರ್. ಯಾಕೂಬಸಾಬರ ಮಗ ಮುಜಾಫರ ಎಲೆಕ್ಟ್ರಿಕ್ ಕಾರು ಬುಕ್ ಮಾಡಿದ್ದ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೊದಲನೆಯದು. ಚಾರ್ಜರಿಗೆ ಕಮಿಟಿಯ ಒಪ್ಪಿಗೆ ಬೇಕಿತ್ತು. ಕಟ್ಟೆ ಮೇಲೆ ಕೂತಾಗ ಯಾಕೂಬಸಾಬರು ಅಳುಕುತ್ತಲೇ ಕೇಳಿದರು. ನಾನು ಎದೆ ಸೆಟೆಸಿ, "ಸೆಕ್ರೆಟರಿ ಯಾರ್ರಿ? ಆತು ಅಂತ ತಿಳೀರಿ," ಎಂದೆ.

ಎಂಟನೇ ತಾರೀಖು ಸಭೆ. ಮೊದಲು ಬೆಂಕಿಯ ಮಾತು ಬಂತು. ಅದಕ್ಕೆ ಉತ್ತರ ನನ್ನ ಹತ್ತಿರ ಇತ್ತು, ಬರೆದುಕೊಂಡೇ ಹೋಗಿದ್ದೆ. ಆಮೇಲೆ ಒಬ್ಬರು ದನಿ ಇಳಿಸಿ ಅಂದರು— "ಚಾರ್ಜರ್ ಹಾಕಿಸಿಕೊಂಡ್ರ ನಾಳೆ ಆ ಫ್ಲ್ಯಾಟ್ ಖರೀದಿನೂ ಮಾಡ್ತಾರ. ಆಮ್ಯಾಲೆ ಅವರ ಮಂದಿ ಒಬ್ಬೊಬ್ಬರ ಬರತಾರ." ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ವಿರುದ್ಧ ಇದ್ದವರು ಕೈ ಎತ್ತಬೇಕು ಎಂದರು ಅಧ್ಯಕ್ಷರು. ಎಂಟು ಕೈ. ಎಂಟೂ ಮಂದಿ ನನ್ನನ್ನು ನೋಡಿದರು. ನಾನೂ ಎತ್ತಿದೆ. ನಾಳೆ ಇವರ ಜೊತೆಗೇ ಬಾಳಬೇಕಲ್ಲ ಅನಿಸಿತು. ಕಮಿಟಿಯ ರಜಿಸ್ಟರಿನಲ್ಲಿ ಕಾರಣದ ಮುಂದೆ 'ಅಗ್ನಿ ಸುರಕ್ಷತೆ' ಎಂದು ದುಂಡಗೆ ಬರೆದೆ.

ಸಂಜೆ ಮೆಟ್ಟಿಲ ಮೇಲೆ ಯಾಕೂಬಸಾಬರು ಎದುರಾದರು. ಬಾಯಿಗೆ ಹೇಗೆ ಬಂತೋ— "ನಾ ಒಬ್ಬನ ನಿಮ್ಮ ಪರ ಕೈ ಎತ್ತಿದೆ. ಎಂಟು ಮಂದಿ ಮುಂದ ನಾ ಏನ ಮಾಡ್ಲಿ?" ಅವರು ನನ್ನ ಭುಜ ತಟ್ಟಿ ಮನೆಯೊಳಗೆ ಹೋದರು.

ಮೂರು ವಾರಕ್ಕೆ ಮನೆ ಖಾಲಿ ಮಾಡಿದರು. ಟೆಂಪೋ ಹತ್ತುವ ಮುಂದೆ ನನ್ನ ಕೈ ಹಿಡಿದುಕೊಂಡು, "ನಿಮ್ಮ ಕಡಿಂದ ಆಗೂದು ನೀವು ಮಾಡಿದ್ರಿ ಬಿಡ್ರಿ, ಏಕನಾಥರಾಯರ," ಅಂದರು. ನಂಬಿದ್ದರು. ಸದ್ಯ, ನಂಬಿದರಲ್ಲ ಅನಿಸಿತು ನನಗೆ. ಎಂಥ ಮನುಷ್ಯ ನಾನು.

ಟೆಂಪೋ ತಿರುವು ದಾಟುವುದರೊಳಗೆ ವಾಟ್ಸಾಪ್ ಗ್ರೂಪಿನಿಂದ ಅಪ್ಪ ಮಗ ಇಬ್ಬರ ನಂಬರೂ ತೆಗೆದೆ. ಖಾಲಿ ಮಾಡಿದವರ ನಂಬರ್ ಅದೇ ದಿನ ತೆಗೆಯಬೇಕು. ನಿಯಮ ನಾನೇ ಮಾಡಿದ್ದು.

ನವೆಂಬರ್ ೧೮, ಮಂಗಳವಾರ

ಶೋರೂಮಿನವರು ಕಳಿಸಿದ ಎಲೆಕ್ಟ್ರಿಷಿಯನ್ ಲೋಹಿತ ಜಾಗ ನೋಡಲು ಬಂದ. ಚಾರ್ಜರಿಗೆ ಅರ್ಥಿಂಗ್ ಗುಂಡಿ ಬೇಕು— ನೆಲದಲ್ಲಿ ಪೈಪು ಹುಗಿದು ಸುತ್ತ ಉಪ್ಪು, ಇದ್ದಿಲು ತುಂಬುವುದು. ಕರೆಂಟ್ ಎಲ್ಲಾದರೂ ಸೋರಿದರೆ ಮನುಷ್ಯನಿಗೆ ಹೊಡೆಯದೆ ನೆಲಕ್ಕೆ ಹೋಗಲಿ ಅಂತ. ಕಂಪೌಂಡಿನ ಮೂಲೆ ತೋರಿಸಿದೆ. ಒಡೆದ ಕುಂಡ, ಕಸ ಸರಿಸಿದ. ಕೆಳಗೆ ಸಿಮೆಂಟಿನ ಮುಚ್ಚಳ.

"ಸರ, ಗುಂಡಿ ಮದಲ ಅದ ಅಲ್ರಿ! ಯಾರ ಮಾಡಿಸಿದ್ರಿ? ಭಾಳ ಛಲೋ ಮಾಡ್ಯಾರ."

ಮುಚ್ಚಳ ಮಗುಚಿ ಹಾಕಿದ. ಸಿಮೆಂಟ್ ಹಸಿ ಇದ್ದಾಗ ಯಾರೋ ಮೊಳೆಯಿಂದ ಗೀಚಿದ್ದರು: ೨೦೪. ೫-೧೦-೨೩.

ಸಭೆಗೆ ಮೂರು ದಿನ ಮೊದಲು. ಆತು ಅಂತ ತಿಳೀರಿ ಅಂದಿದ್ದೆನಲ್ಲ. ತಿಳಿದುಕೊಂಡಿದ್ದರು.

ಲೋಹಿತನಿಗೆ ಆಮೇಲೆ ಫೋನ್ ಮಾಡುತ್ತೇನೆ ಎಂದೆ. ಮೇಲೆ ಬಂದು ಹಾಸಿಗೆಯ ಮೇಲೆ ಬಿದ್ದುಕೊಂಡೆ. ರಜನಿ ಹಣೆ ಮುಟ್ಟಿ ನೋಡಿದಳು. ಜ್ವರ ಇಲ್ಲ.

ನವೆಂಬರ್ ೨೭, ಗುರುವಾರ

ಎಂಟು ದಿನ ಬರೆದಿಲ್ಲ. ಇವತ್ತು ತಾರಿಹಾಳಕ್ಕೆ ಹೋದೆ. ಹಳೇ ಗಾಡಿಯಲ್ಲೇ. ಯಾಕೂಬಸಾಬರಿಗೆ ಪ್ರೀತಿ ಅಂತ ಅರ್ಧ ಕಿಲೋ ಕರದಂಟು ಕಟ್ಟಿಸಿಕೊಂಡೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಮೊದಲು ತಪ್ಪು ಒಪ್ಪಿಕೊಳ್ಳುವುದು. ಆಮೇಲೆ ಬೈಸಿಕೊಳ್ಳುವುದು. ಆಮೇಲೆ ಚಹಾ.

ಬಾಗಿಲು ತೆಗೆದವಳು ಸೊಸೆ ಫಿರದೋಸ. ಮುಜಾಫರ ಒಳಗಿನಿಂದ ಬಂದ. "ಸಾಬರು ಎಲ್ಲ್ಯಾರ?" ಎಂದೆ, ನಗುನಗುತ್ತಲೇ. ಅವಳು ಗಂಡನ ಮುಖ ನೋಡಿದಳು.

ಜನವರಿಯಲ್ಲಿ ತೀರಿಕೊಂಡರಂತೆ. ಹಾರ್ಟು. ಹತ್ತು ತಿಂಗಳಾಗಿದೆ.

"ಗ್ರೂಪಿಗೆ ಹಾಕಬೇಕಂತ ಮೊಬೈಲ್ ತಗದೆ, ಕಾಕಾ. ಅವಾಗ ನೆನಪಾತು, ನಾವು ಗ್ರೂಪನ್ಯಾಗ ಇಲ್ಲಂತ. ನಿಮಗರೆ ಒಂದು ಫೋನ್ ಮಾಡಬೇಕಾಗಿತ್ತು. ಆ ಗದ್ದಲದಾಗ ಆಗ್ಲಿಲ್ರಿ..." ತನ್ನದೇ ತಪ್ಪು ಅನ್ನುವ ಹಾಗೆ ಹೇಳಿದ.

ಅಲ್ಲೇ ಕೂತೆ.

ಕಿಟಕಿಯ ಹೊರಗೆ ಅವನ ಬಿಳಿ ಕಾರು ಚಾರ್ಜಿಗೆ ನಿಂತಿತ್ತು. ಅದನ್ನೇ ನೋಡುತ್ತಿದ್ದೆ. ಅವನೇ ಹೇಳಿದ— "ಗಾಡಿ ಬಂದ ದಿನ ಅಬ್ಬಾ ಮುಂದ ಕೂತು, ಮದಲ ವಿದ್ಯಾನಗರಕ್ಕ ನಡಿ, ಏಕನಾಥರಾಯರಿಗೆ ತೋರಸೂಣು ಅಂದ್ರು. ನಿಮ್ಮ ಗೇಟಿನ ಮಟಾ ಬಂದಿದ್ವಿ. ಅಲ್ಲೆ ಬಂದು, ಬ್ಯಾಡ, ನಮ್ಮನ್ನ ನೋಡಿದ್ರ ಅವರಿಗೆ ಕಸಿವಿಸಿ ಆಕ್ಕದ ಅಂತ ಗಾಡಿ ಹಿಂದಕ ಹೊಳ್ಳಿಸಿದ್ರು."

"ನನಗ್ಯಾಕ ಕಸಿವಿಸಿ?" ಎಂದೆ.

"ಒಂಬತ್ತು ಮಂದ್ಯಾಗ ನೀವೊಬ್ಬರ ನಮ್ಮ ಪರ ಕೈ ಎತ್ತಿದ್ರೆಲ್ಲ, ಆದ್ರೂ ಆಗ್ಲಿಲ್ಲಂತ ನಿಮ್ಮ ಮನಸಿಗೆ ಹತ್ತೇದ ಅಂತಿದ್ರು. ಅವರೊಬ್ಬರನ್ನ ಮರೀಬ್ಯಾಡ ಅಂತ ಹೋಗೂ ಮಟಾ ಹೇಳಿದ್ರು ಕಾಕಾ."

ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಫಿರದೋಸ ಚಹಾ ತಂದಿಟ್ಟಳು. ಕುಡಿದೆ.

ಹೇಳಿದ್ದು ಗುಂಡಿಯ ಮಾತಷ್ಟೇ. ಮುಜಾಫರನ ಮುಖ ಅರಳಿತು. "ಇನ್ನೂ ಅದ ಏನ್ರಿ? ಅಬ್ಬಾ ಮುಂದ ನಿಂತು ಉಪ್ಪು, ಇದ್ದಲಿ ತುಂಬಿಸ್ಯಾರ. ಅದನ್ನ ವಾಪರಸ್ರಿ ಕಾಕಾ, ಹೊಸಾದು ತೋಡಸಬ್ಯಾಡ್ರಿ. ನಾನ ಬಂದು ಮೀಟರ್ ಹಚ್ಚಿ ನೋಡಿ ಕೊಡ್ತೇನಿ."

ಬೇಡ ಅನ್ನಲೂ ಆಗಲಿಲ್ಲ.

ನವೆಂಬರ್ ೨೮

ಕರದಂಟಿನ ಪೊಟ್ಟಣ ಗಾಡಿಯಲ್ಲೇ ಉಳಿದಿದೆ. ಡಬ್ಬಿಗೆ ಹಾಕಿಡುತ್ತೇನೆ ಅಂದಳು ರಜನಿ. ಮುಟ್ಟಬೇಡ ಎಂದೆ.

ಡಿಸೆಂಬರ್ ೪, ಗುರುವಾರ

ಸ್ನೇಹಲ್ ಫೋನು. ಫಾರ್ಮಿಗೆ ಸಹಿ ಯಾವಾಗ, ಸರ? ಸೋಮವಾರ ಹೇಳುತ್ತೇನೆ ಎಂದೆ.

ಹಳೆಯ ಹಾಳೆ ತೆಗೆದು, ಪೆಟ್ರೋಲ್ ಕಡೆ ಬಿಟ್ಟಿದ್ದ ಎರಡನೇ ಕಾರಣ ಬರೆದೆ: ಯಾಕೂಬಸಾಬರಿಗೆ ಇಲ್ಲ ಅಂದದ್ದನ್ನು ನಾನು ಯಾವ ಮುಖ ಹೊತ್ತು ಹಾಕಿಸಿಕೊಳ್ಳಲಿ.

ರಜನಿಗೆ ಎಲ್ಲ ಹೇಳಿದೆ. ಎರಡು ವರ್ಷದಲ್ಲಿ ಮೊದಲ ಸಲ. ಲಟ್ಟಿಸುತ್ತಿದ್ದ ಚಪಾತಿ ಅರ್ಧಕ್ಕೆ ಬಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಕೈಯ ಹಿಟ್ಟು ಒರೆಸಿಕೊಂಡು, "ಆ ಹುಡುಗಗ ಹೇಳ್ರಿ. ಗಾಡಿ ಮಾತು ಆಮ್ಯಾಲೆ," ಅಂದಳು.

ರವಿವಾರ ಬರುತ್ತಾನೆ. ಹೇಳುತ್ತೇನೆ. ರಜಿಸ್ಟರ್ ಮುಂದಿಟ್ಟೇ ಹೇಳುತ್ತೇನೆ; ಬಾಯಿಮಾತಾದರೆ ನಡುವೆ ಏನೋ ಒಂದು ಸೇರಿಸಿಬಿಡುತ್ತೇನೆ, ನನ್ನ ಗುಣ ನನಗೆ ಗೊತ್ತು. ಆ ರಜಿಸ್ಟರ್ ಅಟ್ಟದ ಮೇಲಿದೆ. ಅವತ್ತಿನ ಠರಾವಿನ ಮುಂದೆ ನಲವತ್ತು ಪುಟ ಖಾಲಿ ಇದ್ದರೂ ಹೊಸದು ಶುರು ಮಾಡಿದ್ದೆ. ಆ ಪುಟ ಮತ್ತೆ ಕಣ್ಣಿಗೆ ಬೀಳಬಾರದು ಅಂತ.

ಡಿಸೆಂಬರ್ ೭, ರವಿವಾರ. ಬೆಳಿಗ್ಗೆ ೯.೪೦

ಮುಜಾಫರ ಬಂದು ಕೆಳಗೆ ಗುಂಡಿ ಹತ್ತಿರ ಕೂತಿದ್ದಾನೆ. ಮೀಟರ್, ವೈರು ಹರಡಿಕೊಂಡು. ರಜನಿ ಚಹಾ ಇಟ್ಟಿದ್ದಾಳೆ. ರಜಿಸ್ಟರ್ ಈಗಷ್ಟೇ ಇಳಿಸಿ ಧೂಳು ಒರೆಸಿದೆ. ಪುಟ ೬೧.

ಪರ: ಇಲ್ಲ. ವಿರುದ್ಧ: ಒಂಬತ್ತು. ಕೆಳಗೆ ಒಂಬತ್ತು ಹೆಸರು. ಕೊನೆಯದು ನನ್ನದು.

ಅದರ ಕೆಳಗೆ ಇನ್ನೊಂದು ಸಾಲು ಇದೆ. ನನ್ನ ಅಕ್ಷರ ಅಲ್ಲ.

'ಓದಿದೆ. ಅಕ್ಷರ ಛಂದ ಆಗ್ಯಾವ. — ಯಾಕೂಬಸಾಬ. ೧೦-೧೦-೨೩.'

ಮೂರು ಸಲ ಓದಿದೆ. ಅರ್ಜಿ ತಿರಸ್ಕಾರವಾದರೆ ಅರ್ಜಿ ಹಾಕಿದ ಮನೆಯವರಿಗೆ ಠರಾವಿನ ಪುಟ ತೋರಿಸಿ ಸಹಿ ತರಬೇಕು— ಅದೂ ನನ್ನದೇ ನಿಯಮ. ನಾನು ಮರೆತಿದ್ದೆ. ಕಸ ಹೊಡೆಯುವ ಸಾವಕ್ಕ ಮರೆತಿರಲಿಲ್ಲ. ಯಾವಾಗಲೂ ಅವಳೇ ಒಯ್ಯುವಳು, ಒಯ್ದಿದ್ದಾಳೆ. ಸಹಿ ತಂದು ಇಟ್ಟಿದ್ದಾಳೆ. ನಾನು ತೆರೆದು ನೋಡಲಿಲ್ಲ.

ಹತ್ತನೇ ತಾರೀಖು. ಮೆಟ್ಟಿಲ ಮೇಲೆ ನಾನು ಸುಳ್ಳು ಹೇಳಿದ್ದು ಎಂಟಕ್ಕೆ.

ಅಂದರೆ ಟೆಂಪೋ ಹತ್ತುವಾಗ ಕೈ ಹಿಡಿದದ್ದು ಎಲ್ಲ ಗೊತ್ತಿದ್ದೇ. ಗೇಟಿನ ತನಕ ಬಂದು ಹೊಳ್ಳಿಸಿದ್ದು ಗೊತ್ತಿದ್ದೇ. ಮಗನಿಗೆ, ಸಾಯುವ ತನಕ, ಅವರೊಬ್ಬರನ್ನ ಮರೀಬ್ಯಾಡ ಅಂದದ್ದೂ...

"ಕಾಕಾ! ಗುಂಡಿ ಭಾಳ ಒಣಗೇದರಿ. ಎರಡು ಬಕೆಟ್ ನೀರ ಬೇಕು!"

ಈಗ ಈ ಪುಟ ತೋರಿಸಿದರೆ ನನ್ನ ಸುಳ್ಳಷ್ಟೇ ಕಾಣುವುದಿಲ್ಲ. ನನ್ನ ಮಾನ ಉಳಿಸಲು ಅಪ್ಪ ತನಗೆ ಸುಳ್ಳು ಹೇಳಿದ್ದೂ ಅವನಿಗೆ ಕಾಣುತ್ತದೆ. ತೋರಿಸದಿದ್ದರೆ ಅವರು ಕೊಟ್ಟದ್ದನ್ನು ಇನ್ನೊಮ್ಮೆ ತಿಂದು ಸುಮ್ಮನೆ ಕೂತ ಹಾಗೆ.

ರಜನಿ ಬಕೆಟ್ ತುಂಬಿ ಬಾಗಿಲಲ್ಲಿ ಇಟ್ಟಿದ್ದಾಳೆ. ನನ್ನನ್ನೇ ನೋಡುತ್ತ ನಿಂತಿದ್ದಾಳೆ. ಮುಜಾಫರ ಮತ್ತೆ ಕರೆದ.

ಇಳಿಯುತ್ತೇನೆ. ರಜಿಸ್ಟರ್ ಕೈಯಲ್ಲೇ ಇದೆ.