ಸಾಲ ಹೊತ್ತವರು ಸಂತೆಯನ್ನೂ ಹೊತ್ತೊಯ್ದರು

ಮಾನ್ಯ ಮಾರುಕಟ್ಟೆ ಆಡಳಿತಾಧಿಕಾರಿಗಳೇ,

ಗರಿಯಾಹಾಟ್‌ನ ತುಳಸಿ ಮಂಡಲ್ ಅವರ ಸೀರೆ ಅಂಗಡಿಯನ್ನು ಕಳೆದ ವಾರ ನಿಮ್ಮ ಲಾರಿ ಕಿತ್ತೊಯ್ದಿತು. ಇಂಥ ಆಡಳಿತಕ್ಕೆ ನನ್ನ ಪಾಠವೇ ಪ್ರೇರಣೆಯೆಂದು ನೀವು ಸಭೆಯೊಂದರಲ್ಲಿ ಹೊಗಳಿದಿರಂತೆ. ಆದ್ದರಿಂದ ಈ ಪತ್ರ; ಈ ಬಂಗಾಳಿ ಊರಿನಲ್ಲಿದ್ದರೂ ಇಬ್ಬರೂ ಧಾರವಾಡದ ಕಡೆಯವರಾದ್ದರಿಂದ ಕನ್ನಡದಲ್ಲಿ.

ಇತಿಹಾಸದ ಅಧ್ಯಾಪಕಿಯಾದ ನನ್ನನ್ನು ನಿಮ್ಮ ಸಿಬ್ಬಂದಿಯ ತರಬೇತಿಗೆ ಕರೆದಿದ್ದಿರಿ. ಹೊಸದಾಗಿ ಹುಟ್ಟಿದ ಅಮೆರಿಕದ ಕೇಂದ್ರ ಸರ್ಕಾರ ರಾಜ್ಯಗಳ ಯುದ್ಧಸಾಲವನ್ನು ತನ್ನ ತಲೆಗೆ ಕಟ್ಟಿಕೊಂಡಿತು, ತೀರಿಸಲು ಮದ್ಯದ ಮೇಲೂ ಸುಂಕ ಹಾಕಿತು. ಸಾಲ ಕೊಟ್ಟ ಸಿರಿವಂತರಿಗೆ ಸರ್ಕಾರ ಉಳಿಯುವುದೇ ಬೇಕಾಯಿತು. ಬಡಕಲು ಒಕ್ಕೂಟ ಹೀಗೆ ಬಲಿಯಿತು ಎಂದೆ. ಅಷ್ಟರಲ್ಲಿ ನೀವು ಕೇಳಿದಿರಿ: “ಮದ್ಯದ ಸುಂಕ ಕೊಡೂದಿಲ್ಲಂತ ದಂಗೆ ಎದ್ದವರ ಗತಿ ಏನಾತ್ರಿ, ಮೇಡಂ?”

“ದಂಡು ಕಳಿಸಿದ್ರರಿ.”

“ಪಾಠ ಭಾಳ ಉಪಯೋಗ ಆತು ನೋಡ್ರಿ” ಎಂದು ನಕ್ಕಿರಿ.

ಕೆಲವೇ ದಿನಗಳಲ್ಲಿ ಬೀದಿ ವ್ಯಾಪಾರಿಗಳ ಸಂಘದ ಸಾಲವನ್ನೆಲ್ಲ ನಿಮ್ಮ ಕಚೇರಿ ವಹಿಸಿಕೊಂಡಿತು. ಆ ಖುಷಿಗೆ ತುಳಸಿ ನಮ್ಮ ಮನೆಗೂ ಸಂದೇಶ್ ಮಿಠಾಯಿ ತಂದುಕೊಟ್ಟರು. ಆಮೇಲೆ ದಿನಸುಂಕ ಬಂತು, ಏರುತ್ತಲೇ ಹೋಯಿತು. ವ್ಯಾಪಾರಿಗಳೇ ಆರಿಸಿದ್ದ ಸಮಿತಿ ರದ್ದಾಯಿತು. ಲೆಕ್ಕ ತೋರಿಸದೆ ಸುಂಕ ಕೊಡುವುದಿಲ್ಲ ಎಂದರು ತುಳಸಿ. ಲಾರಿ ಬಂತು, ಅದರ ಹಿಂದೆ ಪೊಲೀಸರು. ಒಬ್ಬ ಹೆಂಗಸು, ನಾಲ್ಕು ಬಿದಿರಿನ ಗಳ. ಅಷ್ಟಕ್ಕೂ ದಂಡು ಬೇಕಾಯಿತೇ?

ಈಗ ಅವರು ಸಿಯಾಲ್ದಾ ರೈಲು ನಿಲ್ದಾಣದ ಹೊರಗೆ ಗಂಟು ಬಿಚ್ಚಿ ಕೂರುತ್ತಾರೆ. ನಿನ್ನೆ ಹೋಗಿದ್ದೆ. “ದೀದಿ, ಸಾಲ ಇದ್ದಾಗ ಬ್ಯಾಂಕಿನವರ ಹತ್ತಿರ ಜಗಳವಾದರೂ ಆಡುತ್ತಿದ್ದೆವು. ಈಗ ಯಾರ ಹತ್ತಿರ ಆಡೋಣ?” ಎಂದರು. ಗರಿಯಾಹಾಟ್‌ನಲ್ಲಿ ಅವರ ಪಕ್ಕದ ಅಂಗಡಿಯವರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ತುಳಸಿಯ ಹೆಸರೆತ್ತಲು ಅಲ್ಲಿ ಯಾರಿಗೂ ಧೈರ್ಯವಿಲ್ಲ.

ಅಮೆರಿಕದಲ್ಲೂ ಪೂರ್ಣ ನ್ಯಾಯವಿರಲಿಲ್ಲ, ನಿಜ. ಕಾದಾಡಿದ ಸಿಪಾಯಿಗಳು ಸಂಬಳದ ಬದಲು ಪಡೆದು, ಹೊಟ್ಟೆಗಿಲ್ಲದೆ ಅಗ್ಗಕ್ಕೆ ಮಾರಿದ ಸಾಲಪತ್ರಗಳ ಲಾಭ ಕೊಂಡವರ ಪಾಲಾಯಿತು. ಆದರೆ ಆ ಸುಂಕವನ್ನು ಚುನಾಯಿತ ಸಭೆ ವಾದಿಸಿ ಹಾಕಿತ್ತು. ಸಿಟ್ಟಾದ ಜನ ಕೆಲ ವರ್ಷಗಳಲ್ಲಿ ಆಳುವವರನ್ನೇ ಬದಲಿಸಿದರು, ಮದ್ಯದ ಸುಂಕವೂ ಹೋಯಿತು. ಇದನ್ನೂ ಹೇಳಿದ್ದೆ. ಆಗ ತಾವು ಚಹಾಕ್ಕೆ ಎದ್ದು ಹೋಗಿದ್ದಿರಿ.

ಬಾರಾನಗರದ ವ್ಯಾಪಾರಿಗಳಿಗೂ, ಅವರ ಸಾಲವನ್ನು ವಹಿಸಿಕೊಳ್ಳುವ ನಿಮ್ಮ ಔದಾರ್ಯದ ಪ್ರಕಟಣೆ ತಲುಪಿದೆ. ಅವರು ಸಂಭ್ರಮದಲ್ಲಿದ್ದಾರೆ. ತುಳಸಿಯವರ ಅಂಗಡಿ ಮರಳಿಸಿ, ಲೆಕ್ಕ ಬಯಲಿಗಿಡಿ, ಸಮಿತಿಗೆ ಚುನಾವಣೆ ನಡೆಸಿ. ಅದಾದ ಮೇಲೆ ಬಾರಾನಗರದ ಮಾತು. ಇಲ್ಲವಾದರೆ ನೀವು ಕೇಳದ ಆ ಭಾಗವನ್ನು ನಾನೇ ಅಲ್ಲಿ ಹೋಗಿ ಹೇಳುತ್ತೇನೆ. ಆಗ ಹೊರಗೆ ಯಾರ ಲಾರಿ ನಿಂತಿರುತ್ತದೆಂದೂ ಬಲ್ಲೆ.

ಇಂತಿ,
ನಿಮ್ಮ ಕಚೇರಿ ಹೊದಿಸಿದ ಶಾಲನ್ನು ಹಿಂದಿರುಗಿಸುತ್ತಿರುವ
ಹಂಸಾ ಕುಲಕರ್ಣಿ