ಕಾರಿನ ಬಾಗಿಲೊಳಗಿನ ಹೆಸರು

ಗೆಳೆಯ ನಂಜುಂಡಾಚಾರಿಗೆ,

ಸತ್ತವನಿಗೆ ಬರೆದ ಕಾಗದವನ್ನು ಯಾವ ಟಪಾಲಿನವನು ಮುಟ್ಟಿಸುತ್ತಾನೆ ಎಂದು ನಗಬೇಡ. ನನಗೆ ವಿಪರೀತ ಸಿಟ್ಟು ಬಂದಿದೆ. ಅದನ್ನು ನಿನ್ನ ಹತ್ತಿರವಲ್ಲದೆ ಇನ್ಯಾರ ಹತ್ತಿರ ಕಾರಿಕೊಳ್ಳಲಿ? ಅರ್ಧ ಸಿಟ್ಟು ನಮ್ಮ ಸಾಹುಕಾರರ ಮೇಲೆ, ಅರ್ಧ ನನ್ನ ಮೇಲೆ. ನಿನ್ನ ಮೇಲೂ ಒಂದಿಷ್ಟು ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಆ ದಿನ ನೆನಪಿದೆಯಾ? ಹನಗೋಡಿನ ರಸ್ತೆಯಲ್ಲಿ ಎತ್ತು ಬೆದರಿ, ಹುಲ್ಲಿನ ಗಾಡಿಯ ಅಚ್ಚಿನ ತುದಿ ಸಾಹುಕಾರರ ಕರಿ ಕಾರಿನ ಎಡಬಾಗಿಲಿಗೆ ತಿವಿಯಿತು. ಕಾರು ಓಡಿಸುತ್ತಿದ್ದವನು ನಾನು. ಬಾಗಿಲ ನಡುವೆ ಮೊರದಷ್ಟಗಲ ನೆಗ್ಗಿಹೋಗಿತ್ತು. ಮೈಸೂರಿನ ವರ್ಕ್‌ಷಾಪಿನವರು ಬಾಗಿಲನ್ನೇ ಬದಲಾಯಿಸಬೇಕು, ಹೊಸದು ಮದರಾಸಿನಿಂದ ಬರಬೇಕು ಎಂದರು. ಸಾಹುಕಾರರು ನನ್ನನ್ನು ಕೆಲಸದಿಂದ ತೆಗೆಯುವ ಮಾತಾಡಿದರು. ದಿಕ್ಕು ತೋಚದೆ ಕಾರನ್ನು ನಿನ್ನ ಅಂಗಡಿ ಮುಂದೆ ತಂದು ನಿಲ್ಲಿಸಿದೆ. ನೀನೋ ಬಿಂದಿಗೆ, ಹಂಡೆಗಳ ನೆಗ್ಗು ತೆಗೆಯುವವನು. ಬಾಗಿಲನ್ನು ಅಂಗೈಯಲ್ಲಿ ಸವರಿ, "ಲೇ ಕೆಂಪ, ಇದೂ ಒಂದು ಅಂಡೆ ಕಣ್ಲಾ. ಇದ್ಕೆ ಚಕ್ರ ಅವೆ, ಅಷ್ಟೇಯ" ಎಂದುಬಿಟ್ಟೆ.

ಬಾಗಿಲು ಬಿಚ್ಚಿ, ಒಳಬದಿಗೆ ಹೊದಿಸಿದ್ದ ರಟ್ಟು ತೆಗೆದು, ಹೊಳೆ ಮರಳು ತುಂಬಿದ ಚೀಲದ ಮೇಲೆ ಅದನ್ನು ಮಗುಚಿ ಮಲಗಿಸಿದೆ. ಚೀಲ ಜರುಗದ ಹಾಗೆ ಒತ್ತಿ ಹಿಡಿದವಳು ನಿನ್ನ ಹೆಂಡತಿ ಗೌರಮ್ಮ. ನಡುಮಧ್ಯಕ್ಕೆ ಎರಡು ಬಡಿದು ಎತ್ತಿಬಿಡು ಎಂದು ನಾನು ಅವಸರ ಮಾಡಿದೆ. ನೀನು ಹುಣಸೆಮರದ ಕೊಡತಿಯನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಬಡೀಬಾರ್ದು ಕಣ್ಲಾ, ತಟ್ಬೇಕು. ಬಡುದ್ರೆ ತಗಡು ಇಗ್ಗಿ ಅಗಲಾಯ್ತದೆ. ಇಗ್ಗಿದ್ ತಗಡು ಆಮೇಲೆ ಯಾರ್ ಮಾತೂ ಕೇಳಾಕಿಲ್ಲ" ಎಂದೆ. ಅಂಚಿನಿಂದ ಶುರುಮಾಡಿ ಸುತ್ತುಸುತ್ತಾಗಿ ಒಳಕ್ಕೆ ಬಂದೆ. ನಡುನಡುವೆ ಅಂಗೈಕೆಳಗೆ ತೆಳುಬಟ್ಟೆ ಇಟ್ಟುಕೊಂಡು, ಕಣ್ಣು ಮುಚ್ಚಿ ತಡವುತ್ತಿದ್ದೆ. ಕಣ್ಣಿಗೆ ಕಾಣದ ಉಬ್ಬು ಬಟ್ಟೆಯ ಕೆಳಗೆ ಸಿಕ್ಕಿಬೀಳುತ್ತದಂತೆ. ಸಂಜೆಯ ಹೊತ್ತಿಗೆ ಅಲ್ಲಿ ನೆಗ್ಗಿತ್ತು ಎಂದು ನಾನೇ ಆಣೆ ಮಾಡಿ ಹೇಳಬೇಕಿತ್ತು. ರಟ್ಟು ಕೂರಿಸುವಾಗ, "ಓಗಿ ಕಾಪಿ ಕುಡ್ಕಂಡ್ ಬಾ, ಓಗು" ಎಂದು ನನ್ನನ್ನು ಕಳಿಸಿದೆಯಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಿನ್ನ ಆ ರೂಢಿ ಹುಣಸೂರಿಗೆಲ್ಲ ಗೊತ್ತು. ಯಾವ ಪಾತ್ರೆ ಬಂದರೂ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆದೇ ಕಳಿಸುವವನು, ಮದುವೆಮನೆಯಲ್ಲಿ ಅದಲುಬದಲಾಗದಿರಲಿ ಎಂದು. ಅದೂ ಕೇಳದೆ ಹೊಡೆಯುವವನು. ತಂದವರು ಯಾರೋ ಅವರ ಹೆಸರು! ನನ್ನ ಹೆಂಡತಿ ಪಕ್ಕದ ಮನೆಯವರ ಬಿಂದಿಗೆ ತಂದುಕೊಟ್ಟಾಗ ಅವಳ ಹೆಸರನ್ನೇ ಹೊಡೆದು ಕಳಿಸಿದ್ದೆ. ಬಿಂದಿಗೆ ಕದ್ದಳು ಎಂದು ಬೀದಿಯಲ್ಲಿ ಎಂಟು ದಿನ ರಂಪ. ನಿನಗೇನು, ನಗುತ್ತ ಕೂತಿದ್ದೆ.

ಈಗ ಸಾಹುಕಾರರ ವಿಷಯಕ್ಕೆ ಬರುತ್ತೇನೆ. ಬಾಗಿಲಿಗೆ ಮೈಸೂರಿನಲ್ಲಿ ಬಳಿಸಿದ್ದು ಬಣ್ಣ ಮಾತ್ರ. ಆದರೆ ಅವರು ನೋಡಿದವರಿಗೆಲ್ಲ ಹೇಳಿದ್ದೇನು? "ಮೈಸೂರಿನ ವರ್ಕ್‌ಷಾಪಿನ ಕೆಲಸ ಕಣ್ರೀ, ಕೈ ಇಟ್ಟು ನೋಡಿ!" ನನ್ನನ್ನು ಪಕ್ಕಕ್ಕೆ ಕರೆದು, "ಪಾತ್ರೆ ತಟ್ಟೋನ ಕೈಲಿ ಕಾರು ರಿಪೇರಿ ಮಾಡಿಸ್ದೆ ಅಂದ್ರೆ ನನ್ನ ಮರ್ಯಾದೆ ಏನಯ್ಯ ಆಗ್ತದೆ? ಬಾಯಿ ಮುಚ್ಕೊಂಡಿರು" ಎಂದರು. ನಾನು ಮುಚ್ಚಿಕೊಂಡೆ. ನಿನ್ನಿಂದ ಉಳಿದ ಡ್ರೈವರ್ ಕೆಲಸ, ಅದರಲ್ಲೇ ಕೂತು ನಿನ್ನ ಹೆಸರು ನುಂಗಿದೆ. ಇದಕ್ಕಿಂತ ನಾಯಿಬಾಳು ಬೇರೆ ಇದೆಯಾ?

ನೀನು ಅದೆಷ್ಟು ಸಲ ಕೇಳಿದೆ! "ಯಾರಾದ್ರೂ ಮೋಟಾರ್‌ನೋರು ವಿಚಾರಿಸುದ್ರೇನ್ಲಾ?" ಅಲ್ಯುಮಿನಿಯಂ ಪಾತ್ರೆ ಬಂದು ನಿನ್ನ ಅಂಗಡಿಯ ಮುಂದೆ ಜನ ಕಡಿಮೆಯಾಗಿದ್ದರು. ಪಿರಿಯಾಪಟ್ಟಣದ ರಸ್ತೆಯಲ್ಲಿ ಮಾತ್ರ ಲಾರಿ, ಕಾರು ಹೆಚ್ಚುತ್ತಿದ್ದವು. ಒಂದು ಮಾತು ಸಾಕಿತ್ತು, ಅವರೆಲ್ಲ ನಿನ್ನಲ್ಲಿಗೆ ಬರುತ್ತಿದ್ದರು. "ಬತ್ತಾರೆ ಇರು" ಎಂದು ನಾನು ಸುಳ್ಳು ಹೇಳುತ್ತಿದ್ದೆ. ಕಾಯುತ್ತಲೇ ಇದ್ದೆ ನೀನು, ಹೋದ ಆಷಾಢದಲ್ಲಿ ಜ್ವರ ಬಂದು ಮಲಗುವತನಕ. ಮಲಗಿದಾಗಲೂ ಅದನ್ನೇ... ಬೇಡ ಬಿಡು.

ಹೋದ ವಾರದ ಸಂಗತಿ ಕೇಳು. ಸಾಹುಕಾರರು ಮಾರಲು ಇಟ್ಟಿದ್ದ ಆ ಕಾರನ್ನು ಕೊಳ್ಳಲು ವಿರಾಜಪೇಟೆ ಕಡೆಯಿಂದ ಒಬ್ಬ ಕಾಫಿತೋಟದವರು ಬಂದಿದ್ದರು. ಎಡಬಾಗಿಲ ಗಾಜು ಇಳಿಯಲಿಲ್ಲ. ನೋಡೋಣ ಎಂದು ಅವರೇ ತಿರುಪು ಬಿಚ್ಚಿ ರಟ್ಟು ತೆಗೆದರು. ಒಳಚೌಕಟ್ಟಿನ ತಗಡಿನ ಮೇಲೆ, ಹಂಡೆಯ ಕಂಠಕ್ಕೆ ಹೊಡೆದ ಹಾಗೆ, ಚುಕ್ಕಿ ಚುಕ್ಕಿಯಾಗಿ: ಡ್ರೈವರ್ ಕೆಂಪಯ್ಯ, ಕಲ್ಕುಣಿಕೆ! ನನ್ನ ಹೆಸರು, ನನ್ನ ಊರು.

ಸಾಹುಕಾರರ ಮುಖ ಸುಟ್ಟ ಬದನೆಕಾಯಿ ಆಯಿತು. "ನನ್ನ ಕಾರಿಗೆ ನಿನ್ನ ಹೆಸರೇನಯ್ಯ? ಯಾವಾಗ ಬರೆಸ್ಕೊಂಡೆ, ಕಳ್ಳ ನನ್ಮಗನೇ?" ಎಂದು ನಾಲ್ಕು ಜನರ ಮುಂದೆ ಕೂಗಿದರು. ಇಷ್ಟು ವರ್ಷ ಹಲ್ಲುಕಚ್ಚಿ ಇಟ್ಟುಕೊಂಡಿದ್ದೆಲ್ಲ ಅಲ್ಲೇ ಹೊರಬಿತ್ತು. "ಬರೆದೋನು ನಾನಲ್ಲ ಯಜಮಾನ್ರೇ! ಈ ಬಾಗ್ಲು ಮಾಡ್ದೋನು ನಂಜುಂಡಾಚಾರಿ, ನಮ್ಮ ಹುಣಸೂರಿನ ಪಾತ್ರೆ ಆಚಾರಿ. ತಂದೋರ್ ಎಸ್ರು ವಡೆಯೋದು ಅವನ ಪದ್ಧತಿ. ಮೈಸೂರಿನ ಯಾವ ವರ್ಕ್‌ಷಾಪಲ್ಲಿ ಇಂಗೆ ಚುಕ್ಕಿ ಇಡ್ತಾರೆ, ನೀವೇ ಏಳಿ!" ಕೀಲಿಯನ್ನು ಬಾನೆಟ್ಟಿನ ಮೇಲೆ ಇಟ್ಟೆ. ಕೆಲಸ ಹೋಯಿತು, ಹೋಗಲಿ. ರೂಢಿಯಿಂದ ಹೊಡೆದೆಯೋ, ಒಂದಲ್ಲ ಒಂದು ದಿನ ಇವನು ಬಾಯಿಬಿಡಲಿ ಎಂದು ಬೇಕಂತಲೇ ಹೊಡೆದೆಯೋ? ನಿನ್ನ ಮೇಲೆ ಸಿಟ್ಟು ಇದಕ್ಕೇ. ಹೇಳದೆ ಹೋದೆಯಲ್ಲೋ.

ತೋಟದವರು ಮಾತ್ರ ನಮ್ಮ ಜಗಳಕ್ಕೆ ಕಿವಿಗೊಡಲಿಲ್ಲ. ಬಾಗಿಲಿನ ಹೊರಮೈಯನ್ನು ಮೇಲಿಂದ ಕೆಳಗೆ ಎರಡು ಸಲ ಸವರಿದರು. ಹೆಸರು ಉಜ್ಜಿಸಿ ಕೊಡುತ್ತೇನೆ ಎಂದು ಸಾಹುಕಾರರು ಹೇಳಿದ್ದಕ್ಕೆ, "ಅದು ಇರಲಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಂದೊಂದು ಜೀಪಿದೆ, ಬಾಗಿಲು ನೆಗ್ಗಿದೆ. ಆ ಆಚಾರಿ ಎಲ್ಲಿ ಸಿಗ್ತಾರೆ?" ಎಂದರು.

ನಂಜುಂಡ, ನೀನು ಕಾಯುತ್ತಿದ್ದ ಮಾತು ಅದು. ಒಂದು ಆಷಾಢ ತಡವಾಗಿ ಬಂತು. ನನ್ನಿಂದಲೇ ತಡವಾಯಿತು.

ಅವರನ್ನು ನಿನ್ನ ಮನೆಗೇ ಕರೆದುಕೊಂಡು ಹೋದೆ. ಗೌರಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿದಳು. ಒಳಗೆ ಹೋಗಿ ನಿನ್ನ ಕೊಡತಿ ತಂದಳು. "ಅವ್ರು ತಟ್ಟಿದ್ದಷ್ಟೂ ದಿನ ಕೆಳಗಡೆ ಚೀಲ ಇಡ್ಕಂಡಿದ್ದೋಳು ನಾನೇಯ. ಎಲ್ಲಿ ಎದ್ತು, ಎಲ್ಲಿ ಕೂತ್ಕತು ಅಂತ ನನ್ನ ಕೈಗೂ ಗೊತ್ತು. ತರ್ಲಿ ಬುಡಣ್ಣ" ಎಂದಳು.

ಸೋಮವಾರ ಜೀಪು ಬರುತ್ತದೆ. ಮರಳಿನ ಚೀಲ ಒತ್ತಿ ಹಿಡಿಯುವವನು ಈ ಸಲ ನಾನು. ಕೆಲಸ ಮುಗಿದ ಮೇಲೆ ತಂದವರ ಹೆಸರು ಬೇಡ, ನಿನ್ನದೇ ಹೊಡೆಯಲು ಅವಳಿಗೆ ಹೇಳಿದ್ದೇನೆ. ಬಾಗಿಲೊಳಗೆ ಅವಳು ಬರೆಯಲಿ. ಹೊರಗೆ ನಾನು ಹೇಳುತ್ತೇನೆ.

ನಿನ್ನ,
ಕೆಂಪಯ್ಯ