ಹತ್ತು ಗಂಟೆಯ ವಿಶ್ರಾಂತಿ

ಅಕ್ಕಾ,

ಎರಡು ಹಾರಾಟಗಳ ನಡುವಿನ ಹತ್ತು ಗಂಟೆಯ ವಿಶ್ರಾಂತಿಯನ್ನು ಎಂಟಕ್ಕೆ ಇಳಿಸಬೇಕೆಂದು ಇವತ್ತು ಕಂಪನಿಯವರು ಕೇಳಿದರು. ಕೆಲಸ ಮುಗಿಸಿ ಮನೆಗೆ ಹೋಗುವಾಗ ಕಾರು ಓಡಿಸುತ್ತಲೇ ನಿದ್ದೆ ಹೋಗಿ ನೀವು ತೀರಿಕೊಂಡ ಮೇಲೆ ಸಂಘ ಹೋರಾಡಿ ಪಡೆದ ಹತ್ತು ಗಂಟೆ ಅದು.

ಕಂಪನಿ ದಿವಾಳಿ ಎದ್ದಿದೆ. ಮೇಜಿನ ಈಚೆ ಸಂಘದ ಪರವಾಗಿ ನಾವು ಮೂವರು ಗಗನಸಖಿಯರು, ಆಚೆ ಅವರ ವಕೀಲ.

"ಮನೆಗೆ ಬೆಂಕಿ ಬಿದ್ದಿರೋವಾಗ ನಿದ್ದೆ ಕೇಳ್ತೀರಲ್ಲಮ್ಮಾ" ಎಂದು ನಕ್ಕ.

"ಬೆಂಕಿ ಹಚ್ಚಿದ್ದು ನಾವಲ್ವಲ್ಲ ಸಾರ್" ಎಂದಳು ನಮ್ಮಲ್ಲಿ ಕಿರಿಯವಳು.

"ಒಪ್ಪದಿದ್ರೆ ಕೋರ್ಟು ನಿಮ್ಮ ಸಂಘದ ಇಡೀ ಕರಾರನ್ನೇ ರದ್ದು ಮಾಡುತ್ತೆ, ನೋಡಿ."

ಹಾಗೆನ್ನುತ್ತಾ ಅವನು ಕಾಫಿ ಮುಗಿಸಿದ. ನಾನು ಎದ್ದು, ಬಾಗಿ, ಮುಗುಳ್ನಗುತ್ತಾ ಖಾಲಿ ಕಪ್ ಎತ್ತಿಕೊಂಡೆ. ಇಪ್ಪತ್ತಾರು ವರ್ಷದ ಅಭ್ಯಾಸ. ಅವನು ತಲೆ ಎತ್ತದೆಯೇ "ಇನ್ನೊಂದು, ಸಕ್ಕರೆ ಕಮ್ಮಿ" ಎಂದ. ಕಿರಿಯವಳು ನನ್ನನ್ನು ನೋಡಿದ ರೀತಿಗೆ ಮೈಯೆಲ್ಲ ಉರಿಯಿತು. ಕಪ್ಪನ್ನು ಅವನ ಕಾಗದಗಳ ಮೇಲೆಯೇ ಕುಕ್ಕಿದೆ.

"ಎಂಟಕ್ಕೆ ನಮ್ಮ ಸಹಿ ಇಲ್ಲ. ಕೋರ್ಟಿಗೇ ಹೋಗಿ."

"ಎರಡು ಗಂಟೆ ನಿದ್ದೆ ಕಮ್ಮಿಯಾದ್ರೆ ಯಾರಮ್ಮಾ ಸಾಯ್ತಾರೆ?"

ನಿಮ್ಮ ಹೆಸರು ಹೇಳಿದೆ. ಆ ದಿನ ಬೆಳಿಗ್ಗೆ ನೀವು ಫೋನು ಮಾಡಿ, "ತುಂಬಾ ಸುಸ್ತು ಕಣೇ, ಈ ಫ್ಲೈಟ್ ನೀನು ತಗೋತೀಯಾ?" ಎಂದು ಕೇಳಿದ್ದನ್ನು, ನನಗೆ ಅಂದು ರಜೆ ಇದ್ದದ್ದನ್ನು, ಹೇಳಲಿಲ್ಲ.